ಸಂತೆಯ ಚೀಲ, ಮನೆಯ ತಿಪ್ಪೆ: ಕಪಿಲೆಯ ದಡದ ದಿನಬಳಕೆಯ ಚರಿತ್ರೆ

ಪುಲ್ಪಳ್ಳಿ ಸೀಮೆಯ ಚರಿತ್ರೆ ಎಂದೊಡನೆ ನಮಗೆಲ್ಲ ನೆನಪಾಗುವವನು ಪಳಶ್ಶಿರಾಜ. 1805ರ ನವೆಂಬರ್ 30ರಂದು ಮಾವಿಲಾಂತೋಡಿನ ಬಳಿ ಆತ ಮಡಿದ ಸಂಗತಿಯನ್ನು ನಾವು ವರ್ಷವರ್ಷವೂ ಮಕ್ಕಳಿಗೆ ಬೋಧಿಸಿದೆವು. ಮಕ್ಕಳು ಇಸವಿಯನ್ನು ತಪ್ಪಿಲ್ಲದೆ ಒಪ್ಪಿಸಿದರು. ಆದರೆ ಆ ಕಾಲದ ಒಂದು ಸಾಮಾನ್ಯ ಮನೆಗೆ ಉಪ್ಪು ಎಲ್ಲಿಂದ ಬರುತ್ತಿತ್ತು, ಅಕ್ಕಿಯನ್ನು ಯಾವುದರಲ್ಲಿ ಅಳೆಯುತ್ತಿದ್ದರು, ಉಂಡ ಎಲೆ ಕೊನೆಗೆ ಎಲ್ಲಿ ಸೇರುತ್ತಿತ್ತು ಎಂಬ ಪ್ರಶ್ನೆಗಳು ನಾವು ಬೋಧಿಸಿದ ಪಠ್ಯಪುಸ್ತಕಗಳಲ್ಲಿ ಇರಲಿಲ್ಲ. ಅರಸರ ಚರಿತ್ರೆಗೆ ಶಾಸನಗಳುಂಟು, ಕಾಗದಪತ್ರಗಳುಂಟು. ಅಡುಗೆಮನೆಯ ಚರಿತ್ರೆಗೆ ಹಿರಿಯರ ನೆನಪೊಂದೇ ಆಧಾರ. ಆ ನೆನಪು ಮಾಸುವ ಮೊದಲು ಅದರಲ್ಲಿ ಸ್ವಲ್ಪವನ್ನಾದರೂ ಈ ಸ್ಮರಣ ಸಂಚಿಕೆಯಲ್ಲಿ ದಾಖಲಿಸುವುದು ನಮ್ಮ ಉದ್ದೇಶ.

ಇದಕ್ಕೆ ಪೆರಿಕಲ್ಲೂರಿಗಿಂತ ತಕ್ಕ ಸ್ಥಳ ಬೇರೆ ಇಲ್ಲ. ಪನಮರಂ ಹೊಳೆಯೂ ಮಾನಂತವಾಡಿ ಹೊಳೆಯೂ ಕೂಡಿ ಕಬಿನಿಯಾಗಿ, ಕುರುವಾ ದ್ವೀಪವನ್ನು ಬಳಸಿ, ನಮ್ಮ ಕಡವಿನ ಮುಂದೆ ಹರಿಯುತ್ತದೆ. ಈ ದಡ ಕೇರಳದ ಮುಳ್ಳನ್‌ಕೊಲ್ಲಿ ಪಂಚಾಯತಿಗೆ ಸೇರಿದ್ದು. ಆ ದಡ ಕರ್ನಾಟಕದ ಹೆಗ್ಗಡದೇವನಕೋಟೆ ತಾಲೂಕಿನ ಬೈರಕುಪ್ಪೆ. ಸೇತುವೆ ಬೇಕೆಂಬ ಬೇಡಿಕೆ ದಶಕಗಳಷ್ಟು ಹಳೆಯದು. ದಾಟುವುದಕ್ಕೆ ದೋಣಿಯೇ ಗತಿಯಾಗಿ ಬಂದಿದೆ. ಬೈರಕುಪ್ಪೆಯವರಿಗೆ ತಮ್ಮ ತಾಲೂಕಿನ ಪೇಟೆ ಕಾಡುದಾರಿಯ ಆಚೆ ದೂರದಲ್ಲಿದೆ. ಹೊಳೆ ದಾಟಿದರೆ ನಮ್ಮ ಅಂಗಡಿಗಳು ಕೆಲವೇ ನಿಮಿಷ. ಹೀಗಾಗಿ ಎರಡು ಸರಕಾರಗಳ ಪ್ರಜೆಗಳು ಒಂದೇ ತಕ್ಕಡಿಯ ಮುಂದೆ ನಿಲ್ಲುವ ಊರು ಇದು. ಇಲ್ಲಿ ಒಂದು ಮನೆಗೆ ಏನು ಬಂತು, ಆ ಮನೆಯಿಂದ ಏನು ಹೊರಗೆ ಹೋಯಿತು ಎಂಬುದನ್ನು ನೋಡಿದರೆ ನೂರು ವರ್ಷಗಳ ಚರಿತ್ರೆ ಕಣ್ಣಿಗೆ ಕಾಣುತ್ತದೆ.

ಹನ್ನೆರಡು ಬೀದಿ

ವಯನಾಡಿನ ವ್ಯಾಪಾರದ ಚರಿತ್ರೆಯಲ್ಲಿ ಕನ್ನಡದ ಮುದ್ರೆ ಹಳೆಯದು. ಇಂದು ಸುಲ್ತಾನ್ ಬತ್ತೇರಿ ಎಂದು ಕರೆಯುವ ಪಟ್ಟಣಕ್ಕೆ ಹಿಂದೆ 'ಹನ್ನೆರಡು ಬೀದಿ' ಎಂಬ ಹೆಸರಿತ್ತೆಂದು ಅಲ್ಲಿನ ಜೈನರು ಹೇಳುತ್ತಾರೆ. ಅಲ್ಲಿರುವ ಕಲ್ಲಿನ ಬಸದಿ ವಿಜಯನಗರದ ಶೈಲಿಯದು. ಅದು ಮೊದಲು ಆರಾಧನಾ ಸ್ಥಳವಾಗಿ, ಬಳಿಕ ವ್ಯಾಪಾರದ ಕೇಂದ್ರವಾಗಿ, ಕೊನೆಗೆ ಟಿಪ್ಪು ಸುಲ್ತಾನನ ಸೇನೆಯ ಮದ್ದಿನ ಮನೆಯಾಗಿ ಬಳಕೆಯಾಯಿತು. ಊರಿನ ಹೆಸರು ಈ ಮೂರನೆಯ ಬಳಕೆಯಿಂದ ಬಂದುದು. ಆದರೆ ಹನ್ನೆರಡು ಬೀದಿಗಳ ನೆನಪು ಎರಡನೆಯದಕ್ಕೆ ಸೇರಿದ್ದು. ಕನ್ನಡ ಮನೆಮಾತಿನ ಜೈನ ಗೌಡರು ಇಂದಿಗೂ ವಯನಾಡಿನಲ್ಲಿದ್ದಾರೆ. ಕಾಟ್ಟುನಾಯ್ಕರ ಮಾತಿಗೂ ಕನ್ನಡಕ್ಕೂ ಹತ್ತಿರದ ನಂಟಿದೆ.

ಮೈಸೂರು ಸೀಮೆಯಿಂದ ರಾಗಿ, ಅಕ್ಕಿ, ದ್ವಿದಳ ಧಾನ್ಯಗಳು ಬರುತ್ತಿದ್ದವು. ಮಲಬಾರಿನ ಕರಾವಳಿಯಿಂದ ಉಪ್ಪು, ಒಣಮೀನು, ತೆಂಗು ಘಟ್ಟ ಹತ್ತುತ್ತಿದ್ದವು. ಹೇರೆತ್ತುಗಳ ಬೆನ್ನ ಮೇಲಿನ ಗೋಣಿಯೇ ಆ ವ್ಯಾಪಾರದ ಹೊರೆ. ಆ ಗೋಣಿ ಹರಿಯುವ ತನಕ ಚೀಲ, ಹರಿದ ಮೇಲೆ ಹಾಸು, ಹಾಸು ಸವೆದ ಮೇಲೆ ಕೊಟ್ಟಿಗೆಯ ಬಾಗಿಲಿನ ಕಾಲೊರಸು. ಸಂತೆ ಎಂಬ ಮಾತು ಮಲಯಾಳದಲ್ಲಿ 'ಚಂದ' ಎಂದಾಗಿದೆ. ನಮ್ಮ ಅಂಗಡಿಯೂ ಅವರ ಅಂಗಾಡಿಯೂ ಒಡಹುಟ್ಟಿದ ಶಬ್ದಗಳು. ಭಾಷೆಗಳು ಎರಡಾದರೂ ಕೊಳ್ಳುವ ಕೈ ಒಂದೇ ಆಗಿತ್ತೆಂಬುದಕ್ಕೆ ಈ ಶಬ್ದಗಳೇ ಸಾಕ್ಷಿ.

ಆದರೆ ಆ ಕಾಲವನ್ನು ಸುವರ್ಣಯುಗವೆಂದು ಕೊಂಡಾಡುವಂತಿಲ್ಲ. ಸಂತೆಗೆ ಹೋಗಿ ಕೊಳ್ಳುವವರು ಎಲ್ಲರೂ ಆಗಿರಲಿಲ್ಲ. ಮಾನಂತವಾಡಿಯ ಬಳಿಯ ವಳ್ಳಿಯೂರ್‌ಕಾವಿನ ಉತ್ಸವದಲ್ಲಿ ಅಡಿಯರನ್ನೂ ಪಣಿಯರನ್ನೂ ಒಂದು ವರ್ಷದ ದುಡಿಮೆಗೆ ಗೊತ್ತುಪಡಿಸುವ ಪದ್ಧತಿಯಿತ್ತು. ಅವರ ದಿನಗೂಲಿ ಭತ್ತ. ಅದಕ್ಕೆ 'ವಲ್ಲಿ' ಎಂದು ಹೆಸರು. ಕೂಲಿಯನ್ನು ಧಾನ್ಯದಲ್ಲಿಯೇ ಪಡೆಯುವವನಿಗೆ ಅಂಗಡಿಯಲ್ಲಿ ಆಯ್ಕೆ ಎಂಬುದು ಎಲ್ಲಿಂದ ಬರಬೇಕು? ಜೀತ ಪದ್ಧತಿಯನ್ನು ದೇಶದಲ್ಲಿ ಕಾನೂನಿನ ಮೂಲಕ ರದ್ದುಪಡಿಸಿದ್ದು 1976ರಲ್ಲಿ. ನಮ್ಮ ಸೀಮೆಯ ಹಲವು ಕುಟುಂಬಗಳು ಹಣ ಕೊಟ್ಟು ಮನಸ್ಸಿಗೆ ಬಂದುದನ್ನು ಕೊಳ್ಳುವ ಹಕ್ಕನ್ನು ಪಡೆದದ್ದು ತೀರಾ ಈಚೆಗೆ ಎಂಬುದನ್ನು ನಾವು ಮರೆಯಬಾರದು.

ಪಾವು, ನಾಳಿ, ಕಿಲೋ

1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳು ರಚನೆಯಾದಾಗ, ಮದರಾಸು ರಾಜ್ಯದ ಮಲಬಾರು ಜಿಲ್ಲೆ ಕೇರಳಕ್ಕೆ ಸೇರಿತು. ಆಚೆ ದಡ ಮೈಸೂರು ರಾಜ್ಯದಲ್ಲಿ ಉಳಿಯಿತು. ಮರುವರ್ಷ ವಯನಾಡು ಉತ್ತರ, ದಕ್ಷಿಣವೆಂದು ಎರಡಾಗಿ ಕಣ್ಣೂರು, ಕೋಳಿಕ್ಕೋಡು ಜಿಲ್ಲೆಗಳಿಗೆ ಹಂಚಿಹೋಯಿತು. ಪ್ರತ್ಯೇಕ ಜಿಲ್ಲೆಯಾದದ್ದು 1980ರ ನವೆಂಬರ್ 1ರಂದು. ಅದೇ ವರ್ಷಗಳಲ್ಲಿ ತಿರುವಾಂಕೂರಿನ ಕಡೆಯಿಂದ ವಲಸೆ ಬಂದ ರೈತರು ಕಾಡು ಕಡಿದು ಮೆಣಸು, ಮರಗೆಣಸು ಬೆಳೆದರು. ಪೆರಿಕಲ್ಲೂರಿನಿಂದ ಇಂದಿಗೂ ತೆಂಕಣ ಜಿಲ್ಲೆಗಳಿಗೆ ದೂರದ ಬಸ್ಸುಗಳು ಹೊರಡುವುದಕ್ಕೆ ಆ ವಲಸೆಯ ಬಂಧುತ್ವವೇ ಕಾರಣ.

ಅಳತೆಗಳೂ ಆಗಲೇ ಬದಲಾದವು. ಆಚೆ ದಡದಲ್ಲಿ ನಾಲ್ಕು ಪಾವಿಗೆ ಒಂದು ಸೇರು, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಈಚೆ ದಡದಲ್ಲಿ ನಾಲ್ಕು ನಾಳಿಗೆ ಒಂದು ಇಡಂಗಳಿ, ಹತ್ತು ಇಡಂಗಳಿಗೆ ಒಂದು ಪರ. ಎರಡನ್ನೂ ಬಾಯಿಲೆಕ್ಕದಲ್ಲಿ ಹೊಂದಿಸಬಲ್ಲ ಹೆಂಗಸರು ಪ್ರತಿ ಕೇರಿಯಲ್ಲಿಯೂ ಇದ್ದರು. ಅವರಲ್ಲಿ ಎಷ್ಟೋ ಮಂದಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. 1957ರ ಏಪ್ರಿಲ್ 1ರಂದು ಹದಿನಾರಾಣೆಯ ರೂಪಾಯಿ ನೂರು ನಯಾಪೈಸೆಯಾಯಿತು. 1958ರಿಂದ ಹಂತಹಂತವಾಗಿ ಕಿಲೋಗ್ರಾಂ, ಲೀಟರುಗಳು ಬಂದವು. ಹೊಸ ಅಳತೆ ದೇಶವನ್ನು ಒಂದುಗೂಡಿಸಿತು, ಮೋಸಕ್ಕೆ ಕಡಿವಾಣ ಹಾಕಿತು. ಅದರ ಜೊತೆಗೆ ಪಾವು, ಚಟಾಕು, ಬಳ್ಳಗಳು ಅಟ್ಟ ಸೇರಿದವು. ವಸ್ತು ಅಟ್ಟ ಸೇರಿದಾಗ ಅದರ ಹೆಸರೂ ನಾಲಗೆಯಿಂದ ಇಳಿಯುತ್ತದೆ. ಇಂದಿನ ನಮ್ಮ ಮೊಮ್ಮಕ್ಕಳಿಗೆ ಕಣಜ, ವಾಡೆ, ಗುಡಾಣಗಳು ಬರಿಯ ನಿಘಂಟಿನ ಶಬ್ದಗಳು.

1960ರ ದಶಕದ ಅಕ್ಕಿಯ ಬರ ನಮ್ಮ ಪೀಳಿಗೆಯ ಬಾಲ್ಯಕ್ಕೆ ಸೇರಿದ್ದು. ರಾಜ್ಯದಿಂದ ರಾಜ್ಯಕ್ಕೆ ಅಕ್ಕಿ ಸಾಗಿಸಲು ನಿರ್ಬಂಧವಿತ್ತು. ಒಂದೇ ಹೊಳೆಯ ಎರಡು ದಡಗಳಲ್ಲಿ ಇದ್ದ ನೆಂಟರು ಒಂದು ಗೋಣಿ ಅಕ್ಕಿ ದಾಟಿಸಿದರೂ ಅದು ಕಳ್ಳಸಾಗಣೆ ಎನಿಸಿಕೊಳ್ಳಬಹುದಾಗಿತ್ತು. 1966ರ ಪಡಿತರ ಆದೇಶದೊಂದಿಗೆ ಕೇರಳದಲ್ಲಿ ರೇಷನ್ ಅಂಗಡಿ ಊರೂರಿನ ಸಂಸ್ಥೆಯಾಯಿತು. 1974ರಲ್ಲಿ ರಾಜ್ಯದ ನಾಗರಿಕ ಪೂರೈಕೆ ನಿಗಮ ಹುಟ್ಟಿತು. ಆಮೇಲೆ ಮಾವೇಲಿ ಸ್ಟೋರುಗಳು ಬಂದವು. ಆಚೆಗೆ 2013ರಲ್ಲಿ ಅನ್ನಭಾಗ್ಯ ಬಂದಿತು. ಹಸಿವನ್ನು ಹಿಂದಿಕ್ಕಿದ ಈ ಕ್ರಮಗಳ ಬೆಲೆ, ಹಸಿದವರಿಗೆ ಗೊತ್ತು. ಶಾಲೆಗಳಲ್ಲಿ 'ಕೇರ್' ಸಂಸ್ಥೆಯ ಉಪ್ಪಿಟ್ಟಿಗಾಗಿ ತಟ್ಟೆ ಹಿಡಿದು ಸಾಲುಗಟ್ಟಿದ ಪೀಳಿಗೆ ನಮ್ಮದು. ಅದರ ಎಣ್ಣೆಯ ಖಾಲಿ ಡಬ್ಬಗಳಿಗೂ ಊರಿನಲ್ಲಿ ಬೇಡಿಕೆಯಿತ್ತು: ಹಿಡಿ ಕಟ್ಟಿದರೆ ನೀರು ಸೇದುವ ಬಾನಿ, ಬಿಡಿಸಿ ಬಡಿದರೆ ಕೋಳಿಗೂಡಿನ ತಗಡು.

ತಿಪ್ಪೆಯ ಲೆಕ್ಕ

ಆಗಿನ ಅಂಗಡಿಯಲ್ಲಿ ಸಾಮಾನಿಗೆ ಹೊದಿಕೆ ಇರಲಿಲ್ಲ. ಎಣ್ಣೆಗೆ ಮನೆಯಿಂದ ಶೀಶೆ, ಸೀಮೆಎಣ್ಣೆಗೆ ಡಬ್ಬ, ಮೀನಿಗೆ ತೇಗದ ಎಲೆ, ಬೆಲ್ಲಕ್ಕೆ ಬಾಳೆಯ ಒಣ ಎಲೆ, ಸಕ್ಕರೆಗೆ ಹಳೆಯ ಪತ್ರಿಕೆಯ ಪೊಟ್ಟಣ, ಅದಕ್ಕೆ ಸುತ್ತಿದ ದಾರ. ಆ ದಾರವನ್ನು ಬಿಚ್ಚಿ ಉಂಡೆ ಮಾಡಿ ಇಡುತ್ತಿದ್ದರು. ಪೊಟ್ಟಣದ ಕಾಗದವನ್ನು ಮಕ್ಕಳು ಬಿಡಿಸಿ ಓದುತ್ತಿದ್ದರು. ಪತ್ರಿಕೆ ಬರದ ಮನೆಗೆ ಹೊರಜಗತ್ತಿನ ಸುದ್ದಿ, ತಡವಾಗಿಯಾದರೂ, ಬೇಳೆಯನ್ನು ಕಟ್ಟಿಕೊಂಡು ಬರುತ್ತಿತ್ತು.

ಮನೆಯಿಂದ ಹೊರಬಿದ್ದುದೆಲ್ಲ ಸೇರುತ್ತಿದ್ದ ಸ್ಥಳ ತಿಪ್ಪೆ. ಸಗಣಿ, ಬೂದಿ, ಸಿಪ್ಪೆ, ಉಂಡ ಎಲೆ, ಗುಡಿಸಿದ ಕಸ ಇವೆಲ್ಲ ಕೊಳೆತು ಬೇಸಗೆಯ ಕೊನೆಗೆ ಗದ್ದೆಗೆ ಹೋಗುತ್ತಿದ್ದವು. ಪೇಟೆಯ ಭಾಷೆಯಲ್ಲಿ ತಿಪ್ಪೆ ಎಂಬುದು ಬೈಗುಳ. ಒಕ್ಕಲಿನ ಭಾಷೆಯಲ್ಲಿ ಅದು ಆಸ್ತಿ. ತಿಪ್ಪೆ ಎಷ್ಟು ದೊಡ್ಡದೋ ಮನೆ ಅಷ್ಟು ಸ್ಥಿತಿವಂತ. ಉಳಿದುದಕ್ಕೆ ಬೇರೆ ಬೇರೆ ಕೈಗಳಿದ್ದವು. ತಾಮ್ರ, ಹಿತ್ತಾಳೆಗೆ ಕಲಾಯಿಯವನು; ಕಬ್ಬಿಣಕ್ಕೂ ಶೀಶೆಗೂ ಗುಜರಿಯವನು, ಈಚೆ ದಡದಲ್ಲಿ ಅವನ ಅಂಗಡಿಗೆ ಆಕ್ರಿ ಎಂದು ಹೆಸರು; ಹಳೆಯ ಬಟ್ಟೆಗೆ ಪಾತ್ರೆ ಕೊಡುವವಳು. ಸವೆದ ಸೀರೆ ಕೌದಿಯಾಗಿ, ತೊಟ್ಟಿಲ ಬಟ್ಟೆಯಾಗಿ, ಕೊನೆಗೆ ಒಲೆಯ ಮೇಲಿನ ಪಾತ್ರೆ ಇಳಿಸುವ ಮಸಿಬಟ್ಟೆಯಾಗಿ ಮುಗಿಯುತ್ತಿತ್ತು.

ಇದನ್ನು ನಮ್ಮ ಪೂರ್ವಿಕರ ಪರಿಸರ ಪ್ರಜ್ಞೆ ಎಂದು ಭಾಷಣಗಳಲ್ಲಿ ಬಣ್ಣಿಸುವುದುಂಟು. ನಮಗೆ ಅದು ಪೂರ್ತಿ ಒಪ್ಪಿಗೆಯಾಗದು. ಬಿಸಾಡದಿರುವುದಕ್ಕೆ ಮುಖ್ಯ ಕಾರಣ ಬಿಸಾಡಲು ಏನೂ ಇಲ್ಲದಿದ್ದುದು. ಒಂದು ಉದಾಹರಣೆ ಸಾಕು. ಇಂದು ತೆಂಗಿನ ಕರಟದ ಬಟ್ಟಲನ್ನು ಪರಿಸರಸ್ನೇಹಿ ಎಂದು ಮೇಳಗಳಲ್ಲಿ ಮಾರುತ್ತಾರೆ. ಕೇರಳದ ಎಷ್ಟೋ ಚಹಾದಂಗಡಿಗಳಲ್ಲಿ ದಲಿತರಿಗೆ ಗ್ಲಾಸು ಮುಟ್ಟಲು ಬಿಡದೆ ಅದೇ ಕರಟದಲ್ಲಿ ಚಹಾ ಹೊಯ್ಯುತ್ತಿದ್ದ ಕಾಲವೊಂದಿತ್ತು. ವಸ್ತು ಒಂದೇ, ಅಂದು ಅದು ಅವಮಾನ, ಇಂದು ಅಲಂಕಾರ. ಆದುದರಿಂದ ಹಳೆಯ ಅಭ್ಯಾಸಗಳನ್ನು ಸಾರಾಸಗಟಾಗಿ ಮರಳಿ ತರಬೇಕೆಂಬ ಮಾತನ್ನು ನಾವು ಆಡುವುದಿಲ್ಲ. ಅವುಗಳಲ್ಲಿ ಆರಿಸಿಕೊಳ್ಳಬೇಕಾದುದು ಒಂದಿದೆ: ಒಳಗೆ ಬಂದುದರ ಜೊತೆಗೆ ಹೊರಗೆ ಹೋಗುವುದರ ಲೆಕ್ಕವನ್ನೂ ಇಡುವುದು.

ಬುತ್ತಿಯಿಂದ ಪಾರ್ಸೆಲ್ಲಿನವರೆಗೆ

ಶೀಘ್ರ ಆಹಾರ ಎಂಬುದು ಹೊಸದೇನಲ್ಲ. ಹುರಿಹಿಟ್ಟು, ಅವಲಕ್ಕಿ, ಬಾಳೆಲೆಯಲ್ಲಿ ಕಟ್ಟಿದ ಮೊಸರನ್ನದ ಬುತ್ತಿ ಇವೆಲ್ಲ ದಾರಿಹೋಕರ ಶೀಘ್ರ ಆಹಾರಗಳೇ. ಬುತ್ತಿ ಬಿಚ್ಚಿ ಉಂಡ ಮೇಲೆ ಉಳಿಯುತ್ತಿದ್ದುದು ದನ ತಿನ್ನುವ ಒಂದು ಎಲೆ. ಹೋಟೆಲಿನಲ್ಲಿ ಉಣ್ಣುವುದು ಆ ಕಾಲಕ್ಕೆ ಸಂಕೋಚದ ವಿಷಯವಾಗಿತ್ತು. ಬಡವರಿಗೆ ಹಣದ ಸಂಕೋಚ, ಉಳ್ಳವರಿಗೆ ಜಾತಿಯ ಸಂಕೋಚ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಬಳಿಕ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಖ್ಯಾತವಾದ ಹೋಟೆಲಿನ ಮೊದಲ ಹೆಸರೇ ಬ್ರಾಹ್ಮಿನ್ ಕಾಫಿ ಕ್ಲಬ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ತಾವು ರವೆಯಲ್ಲಿ ಇಡ್ಲಿ ಮಾಡಿದೆವೆಂದು ಆ ಹೋಟೆಲಿನವರು ಹೇಳುತ್ತಾರೆ. ತುರ್ತುಪರಿಸ್ಥಿತಿಯ ದಿನಗಳಲ್ಲಿ ತಿಂಡಿಯ ಬೆಲೆಗೆ ಸರಕಾರ ಮಿತಿ ಹಾಕಿದಾಗ ಅವರು ಸಿದ್ಧ ಹಿಟ್ಟು, ಪುಡಿಗಳ ಪೊಟ್ಟಣದ ವ್ಯಾಪಾರಕ್ಕೆ ತಿರುಗಿದರು. ಹೋಟೆಲಿನ ರುಚಿ ಕಿರಾಣಿ ಅಂಗಡಿಯ ಕಪಾಟಿಗೆ ಬಂದ ದಾರಿಗಳಲ್ಲಿ ಇದೂ ಒಂದು.

1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಕೆಫೆ ದರ್ಶಿನಿ ಬಾಗಿಲು ತೆರೆಯಿತು. ನಿಂತು ತಿನ್ನುವುದು, ಮುಂಚೆಯೇ ಹಣ ಕೊಡುವುದು, ತಟ್ಟೆಯನ್ನು ತಾನೇ ಒಯ್ದಿಡುವುದು. ಪಕ್ಕದಲ್ಲಿ ನಿಂತವನ ಜಾತಿ ಕೇಳಲು ಅಲ್ಲಿ ಯಾರಿಗೂ ಬಿಡುವಿಲ್ಲ. ಈ ದೃಷ್ಟಿಯಿಂದ ಶೀಘ್ರ ಆಹಾರ ಒಂದು ಸಾಮಾಜಿಕ ಉಪಕಾರವನ್ನು ಮಾಡಿತು ಎಂಬುದು ನಮ್ಮ ಅಭಿಪ್ರಾಯ. ಆ ದರ್ಶಿನಿಗಳಲ್ಲಿ ಇನ್ನೂ ಸ್ಟೀಲ್ ತಟ್ಟೆ, ಸ್ಟೀಲ್ ಲೋಟಗಳು ಇದ್ದವು. ಎರಡು ನಿಮಿಷದ ನೂಡಲ್ಸ್ ಬಂದದ್ದೂ ಅದೇ ಕಾಲದಲ್ಲಿ. 1995ರಲ್ಲಿ ಕೆಂಟಕಿ ಫ್ರೈಡ್ ಚಿಕನ್ ಭಾರತದ ತನ್ನ ಮೊದಲ ಅಂಗಡಿಯನ್ನು ಬೆಂಗಳೂರಿನಲ್ಲಿ ತೆರೆದಾಗ ರೈತರು ವಿರೋಧಿಸಿದ್ದು ಅನೇಕರಿಗೆ ನೆನಪಿರಬಹುದು.

ನಮ್ಮ ಸೀಮೆಯಲ್ಲಿ ಈ ಬದಲಾವಣೆ ಚಹಾದಂಗಡಿಯ ಮೂಲಕ ಬಂತು. ಪುಟ್ಟು, ಕಡಲೆ, ಬಾಳೆಹಣ್ಣು ಇದ್ದಲ್ಲಿ ಪರೋಟ ಬಂತು. ಪರೋಟದ ಪಕ್ಕದಲ್ಲಿ ಶವರ್ಮಾ, ಕುಳಿಮಂದಿ ಬಂದವು. ದೂರದ ನಗರಗಳಲ್ಲಿ ದುಡಿಯುವ ಮಕ್ಕಳು ರಜೆಗೆ ಬಂದಾಗ ಅಜ್ಜಿಗೆ ಅಡುಗೆಯ ಶ್ರಮ ಬೇಡವೆಂದು ಪಾರ್ಸೆಲ್ ತರುತ್ತಾರೆ. ಅದರಲ್ಲಿ ಪ್ರೀತಿಯಿದೆ, ಒಪ್ಪೋಣ. ಆದರೆ ನಾಲ್ವರ ಪಾರ್ಸೆಲ್ಲನ್ನು ಬಿಚ್ಚಿ ಉಣ್ಣುವ ಮೊದಲು ಒಮ್ಮೆ ಎಣಿಸಿ ನೋಡಿ: ಹೊರಗಿನ ಚೀಲ, ಪರೋಟಕ್ಕೆ ಸುತ್ತಿದ ಹಾಳೆ, ಸಾರಿನ ಪ್ಲಾಸ್ಟಿಕ್ ಕೋಶ, ಸಲಾಡಿನ ಡಬ್ಬಿ, ಸಾಸಿನ ಸ್ಯಾಚೆಗಳು, ರಬ್ಬರ್ ಬ್ಯಾಂಡು. ಊಟ ಇಪ್ಪತ್ತು ನಿಮಿಷದ್ದು. ಈ ಸಾಮಗ್ರಿಗಳ ಆಯುಷ್ಯ ನಮ್ಮ ಆಯುಷ್ಯಕ್ಕಿಂತ ದೀರ್ಘ.

ಸ್ಯಾಚೆ ಮತ್ತು ಹಸಿರು ಸೇನೆ

ಸ್ಯಾಚೆಯ ಚರಿತ್ರೆಯೂ ಬಡವರ ಚರಿತ್ರೆಯೇ. ತಮಿಳುನಾಡಿನ ಕಡಲೂರಿನ ಚಿನ್ನಿಕೃಷ್ಣನ್ ಶಾಂಪೂವನ್ನು ಪುಟ್ಟ ಪೊಟ್ಟಣಗಳಲ್ಲಿ ತುಂಬಿ ಮಾರುವ ದಾರಿ ತೋರಿದರು. ಅವರ ಮಗ ರಂಗನಾಥನ್ 1983ರಲ್ಲಿ ಸ್ವಂತ ಸಂಸ್ಥೆ ಕಟ್ಟಿ ಅದನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದರು. ಇಡೀ ಬಾಟಲಿ ಕೊಳ್ಳಲಾರದವರ ಕೈಗೂ ಶಾಂಪೂ ಎಟುಕಿತು. ಆದರೆ ಪ್ಲಾಸ್ಟಿಕ್ಕಿನ, ಲೋಹದ ತೆಳುಪದರಗಳನ್ನು ಅಂಟಿಸಿ ಮಾಡಿದ ಪೊಟ್ಟಣಗಳನ್ನು ಮತ್ತೆ ಬೇರ್ಪಡಿಸುವುದು ಕಷ್ಟ. ಗುಜರಿಯವನು ಅವನ್ನು ಮುಟ್ಟುವುದಿಲ್ಲ, ತಿಪ್ಪೆ ಅರಗಿಸಿಕೊಳ್ಳುವುದಿಲ್ಲ. ಹಿಂದೆ ಮನೆಯಿಂದ ಹೊರಟ ಪ್ರತಿ ವಸ್ತುವಿಗೂ ಒಬ್ಬ ಗಿರಾಕಿ ಇದ್ದ. ಯಾರಿಗೂ ಬೇಡವಾದ ವಸ್ತು ನಮ್ಮ ಚರಿತ್ರೆಯಲ್ಲಿ ಬಂದದ್ದು ಇದೇ ಮೊದಲು.

ಸರಕಾರಗಳು ಕಣ್ಣು ಮುಚ್ಚಿ ಕುಳಿತಿಲ್ಲ. ಕರ್ನಾಟಕ 2016ರ ಮಾರ್ಚ್ ತಿಂಗಳಲ್ಲಿ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿತು. ಕೇರಳ 2020ರ ಜನವರಿ 1ರಂದು, ಕೇಂದ್ರ ಸರಕಾರ 2022ರ ಜುಲೈ 1ರಂದು ಏಕಬಳಕೆಯ ಹಲವು ವಸ್ತುಗಳನ್ನು ನಿಷೇಧಿಸಿದವು. 2020ರ ಲಾಕ್‌ಡೌನಿನಲ್ಲಿ ಗಡಿ ಮುಚ್ಚಿದಾಗ ಕೇರಳದ ರೇಷನ್ ಅಂಗಡಿಗಳ ಮೂಲಕ 17 ಬಗೆಯ ಸಾಮಾನುಗಳ ಉಚಿತ ಕಿಟ್ ದೊರೆಯಿತು. 2021ರ ಓಣಂ ಕಿಟ್ಟಿನಲ್ಲಿ ಬಟ್ಟೆಯ ಚೀಲವೂ ಒಂದು ಬಾಬತ್ತಾಗಿತ್ತು. ಅಜ್ಜ ಹೆಗಲಿಗೆ ಹಾಕಿಕೊಂಡು ಸಂತೆಗೆ ಹೋಗುತ್ತಿದ್ದ ಚೀಲ, ಎರಡು ಪೀಳಿಗೆಗಳ ಬಳಿಕ ಸರಕಾರದ ಕೊಡುಗೆಯಾಗಿ ಮನೆಗೆ ಮರಳಿತು!

2016ರ ಡಿಸೆಂಬರಿನಲ್ಲಿ ಆರಂಭವಾದ ಹರಿತ ಕೇರಳಂ ಯೋಜನೆಯ ಫಲವಾಗಿ ಇಂದು ಹರಿತ ಕರ್ಮ ಸೇನೆಯ ಹೆಂಗಸರು ಮನೆಮನೆಗೆ ಬರುತ್ತಾರೆ. ತೊಳೆದು ಒಣಗಿಸಿದ ಪ್ಲಾಸ್ಟಿಕ್ಕನ್ನು ಒಯ್ಯುತ್ತಾರೆ. ಗಾಜು, ಚಪ್ಪಲಿ, ಹಳೆ ಬಟ್ಟೆ, ವಿದ್ಯುತ್ ಉಪಕರಣಗಳಿಗೆ ಬೇರೆ ಬೇರೆ ತಿಂಗಳುಗಳ ಸರದಿ. ಮರುಬಳಕೆಗೆ ಬಾರದುದು ಸಿಮೆಂಟ್ ಕಾರ್ಖಾನೆಗಳ ಗೂಡಿಗೆ ಉರುವಲಾಗಿ ಹೋಗುತ್ತದೆ. ಹಳ್ಳಿಗಳಲ್ಲಿ ಮನೆಯೊಂದಕ್ಕೆ ತಿಂಗಳಿಗೆ 50 ರೂಪಾಯಿ. ಆಚೆ ದಡದ ರಾಜ್ಯದಲ್ಲಿಯೂ ಗ್ರಾಮ ಪಂಚಾಯಿತಿಗಳ 'ಸ್ವಚ್ಛವಾಹಿನಿ' ವಾಹನಗಳನ್ನು ಹೆಂಗಸರೇ ನಡೆಸುತ್ತಿದ್ದಾರೆ. ಒಂದು ಪಾರ್ಸೆಲ್ಲಿಗೆ ಆರುನೂರು ರೂಪಾಯಿ ಕೊಡುವ ಕೈ ಈ ಐವತ್ತು ರೂಪಾಯಿಗೆ ಗೊಣಗುವುದನ್ನು ಕಂಡಾಗ ನಮಗೆ ಬೇಸರವಾಗುತ್ತದೆ. ಕೊಳೆಯಾದ ಪ್ಲಾಸ್ಟಿಕ್ಕನ್ನು ಹಾಗೆಯೇ ಅವರ ಚೀಲಕ್ಕೆ ತುರುಕುವುದನ್ನು ಕಂಡಾಗ ಬೇಸರಕ್ಕಿಂತ ಹೆಚ್ಚು ನಾಚಿಕೆಯಾಗುತ್ತದೆ. ಕರಟದಲ್ಲಿ ಚಹಾ ಹೊಯ್ದ ಕಾಲ ಕಳೆಯಿತೆನ್ನುವ ನಾವು, ನಮ್ಮ ಎಂಜಲನ್ನು ಇನ್ನೊಬ್ಬರ ಕೈಯಿಂದ ತೊಳೆಸುವುದು ಸರಿಯೆ?

ಹೊಳೆ ಹೋಗುವ ಕಡೆ

ಗುಂಡ್ಲುಪೇಟೆಯಿಂದ ಕೇರಳಕ್ಕೆ ತರಕಾರಿಯ ಲಾರಿಗಳು ಬರುತ್ತವೆ. ಕೇರಳದ ಕಡೆಯಿಂದ ಆಸ್ಪತ್ರೆಯ ಕಸ, ಕೋಳಿಯಂಗಡಿಯ ಕಸ ತುಂಬಿಕೊಂಡು ಗಡಿ ದಾಟಿದ ಲಾರಿಗಳನ್ನು ಅದೇ ಸೀಮೆಯಲ್ಲಿ ಹಿಡಿದ ಸುದ್ದಿಯನ್ನು ನಾವು ಪದೇ ಪದೇ ಓದಿದ್ದೇವೆ. ಸೊಪ್ಪು, ತರಕಾರಿ ಕೊಟ್ಟ ನೆರೆಯವರಿಗೆ ಹೀಗೆ ಮುಯ್ಯಿ ತೀರಿಸುವುದು ಯಾವ ನೆರೆಹೊರೆಯ ಧರ್ಮ? ಇದು ಲಾರಿಯವರ ಮಾತು, ನಮಗೇನು ಎನ್ನುವವರು ನಮ್ಮ ಹೊಳೆಯತ್ತ ಒಮ್ಮೆ ನೋಡಬೇಕು.

ಕೇರಳದ ಹೊಳೆಗಳೆಲ್ಲ ಪಡುಗಡಲಿಗೆ ಹರಿದರೆ ಕಬಿನಿ, ಭವಾನಿ, ಪಾಂಬಾರ್ ಎಂಬ ಮೂರು ಮಾತ್ರ ಮೂಡಲಿಗೆ ಹರಿಯುತ್ತವೆ. ನಮ್ಮ ಕಡವಿನಲ್ಲಿ ತೇಲಿಬಿಟ್ಟ ಕವರು ಬೀಚನಹಳ್ಳಿಯ ಅಣೆಕಟ್ಟಿನ ಕಡೆಗೇ ಹೋಗುತ್ತದೆ. ಅಲ್ಲಿಂದ ಈ ನೀರು ನಂಜನಗೂಡಿನ ಸ್ನಾನಘಟ್ಟವನ್ನು ಹಾದು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಮೈಸೂರಿನ ಕೆಲವು ಬಡಾವಣೆಗಳವರೂ ಬೆಂಗಳೂರಿನವರೂ ಕುಡಿಯುವ ನೀರಿನಲ್ಲಿ ನಮ್ಮ ಹೊಳೆಯ ಪಾಲಿದೆ. ದುಡಿಮೆಗೆಂದು ಆ ನಗರಗಳನ್ನು ಸೇರಿದ ನಮ್ಮ ಮಕ್ಕಳ ಲೋಟಕ್ಕೆ ಊರಿನ ನೀರು ಹೀಗೆ ಹೋಗಿ ಮುಟ್ಟುತ್ತದೆ. ಅದರ ಜೊತೆಗೆ ಏನನ್ನು ಕಳುಹಿಸಬೇಕೆಂಬುದನ್ನು ನಿರ್ಧರಿಸುವವರು ನಾವೇ.

ಸಂಘದ ಸದಸ್ಯರಲ್ಲಿ ನಮ್ಮ ವಿನಂತಿ ಎರಡು. ಮೊದಲನೆಯದು: ಇಂದಿನ ಸಮ್ಮೇಳನದ ಊಟದಿಂದಲೇ ಆರಂಭಿಸಿ, ಸಂಘದ ಯಾವ ಸಮಾರಂಭದಲ್ಲಿಯೂ ಬಾಳೆಲೆ, ಸ್ಟೀಲ್ ಲೋಟಗಳ ಹೊರತು ಬೇರೆ ಬಳಸದಿರೋಣ, ಲೋಟ ತೊಳೆಯುವ ಸರದಿಯನ್ನು ಪದಾಧಿಕಾರಿಗಳಿಂದಲೇ ಶುರುಮಾಡೋಣ. ಎರಡನೆಯದು: ಪ್ರತಿ ಮನೆಯ ಹಿರಿಯರನ್ನು ಕೂರಿಸಿಕೊಂಡು, ಅವರು ಬಳಸಿದ ಅಳತೆ, ಪಾತ್ರೆ, ಚೀಲಗಳ ಹೆಸರುಗಳನ್ನು ಮಕ್ಕಳ ಕೈಯಲ್ಲಿ ಬರೆಸೋಣ. ಎಂಬತ್ತು ದಾಟಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಎಷ್ಟು ದಿನ ಎಂದು ಹೇಳಲಾಗದು. ಅಟ್ಟದ ಮೇಲಿನ ಪಾವನ್ನು ಕೆಳಗಿಳಿಸಿ, ಧೂಳು ಒರೆಸಿ, ಒಂದು ಸಲ ಅಕ್ಕಿ ಅಳೆದು ಮಕ್ಕಳಿಗೆ ತೋರಿಸಿದರೆ ಅದೇ ಒಂದು ಚರಿತ್ರೆಯ ಪಾಠ. ನಿವೃತ್ತರಾದ ಮೇಲೆಯೂ ಆ ಪಾಠಕ್ಕೆ ಹಾಜರಾಗಲು ನಾವು ಸಿದ್ಧರಿದ್ದೇವೆ.